ಮುಚ್ಚಳ ಮುಚ್ಚಿದರೆ ಡಿಸ್ಕ್ ಎಲ್ಲಿಗೆ ಹೋಯಿತು?

ಸಾಗರದ ಕಡೆಯ ಅಜ್ಜಿಯೊಬ್ಬರು ಇನ್‌ಲ್ಯಾಂಡ್ ಲೆಟರಿನಲ್ಲಿ ಕಂಪ್ಯೂಟರಿನ ಪ್ರಶ್ನೆ ಕೇಳಿದ್ದಾರೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಹಾಗಾಗಿ ಈ ವಾರ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟು ಅದನ್ನೇ ಎತ್ತಿಕೊಂಡೆ.

ಅವರ ತಾಯಿ ಹಾಡಿದ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರ ಹಾಡುಗಳೆಲ್ಲ ಹಳೆಯ ಕ್ಯಾಸೆಟ್ಟುಗಳಲ್ಲಿದ್ದವು. ತಾಯಿ ಈಗಿಲ್ಲ. ಮಲೆನಾಡಿನ ಮಳೆಗೆ ಕ್ಯಾಸೆಟ್ಟುಗಳಿಗೂ ಬೂಷ್ಟು ಹಿಡಿಯತೊಡಗಿತ್ತು. ಎಂಟನೇ ತರಗತಿಯ ಮೊಮ್ಮಗ ಬೇಸಿಗೆ ರಜೆಯಿಡೀ ಕುಳಿತು ಒಂದೊಂದನ್ನೇ ಲ್ಯಾಪ್‌ಟಾಪಿಗೆ ಇಳಿಸಿದ. ಆಮೇಲೆ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಲು ಹಚ್ಚಿ, ಹೊತ್ತಾಯಿತೆಂದು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಮಲಗಿದ. ಬೆಳಿಗ್ಗೆ ತೆರೆದು ನೋಡಿದರೆ ಡಿಸ್ಕೇ ಕಾಣಿಸುತ್ತಿಲ್ಲ! “ಎಲ್ಲರೂ ಅವನನ್ನು ಬೈದರು, ನಾನೂ ಬೈದೆ. ಎರಡು ದಿನದಿಂದ ಅವನು ಸರಿಯಾಗಿ ಉಂಡಿಲ್ಲ” ಎಂದು ಬರೆದಿದ್ದಾರೆ.

ಪತ್ರದಲ್ಲಿದ್ದ ನಂಬರಿಗೆ ಆಗಲೇ ಫೋನ್ ಮಾಡಿದೆ. ಮೊದಲು ಹುಡುಗನಿಗೆ ಊಟ ಹಾಕಿ, ಡಿಸ್ಕ್ ಆಮೇಲೆ ನೋಡೋಣ ಎಂದೆ. ಅವನು ಏನನ್ನೂ ಹಾಳು ಮಾಡಿರಲಿಲ್ಲ. ಮುಚ್ಚಳ ಮುಚ್ಚಿದರೆ ಒಳಗೆ ಏನಾಗುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಮಕ್ಕಳೇ, ಮುಚ್ಚಳ ಮುಚ್ಚಿದೊಡನೆ ಸಾಮಾನ್ಯವಾಗಿ ಲ್ಯಾಪ್‌ಟಾಪ್ ನಿದ್ದೆಗೆ ಜಾರುತ್ತದೆ. ಸ್ಲೀಪ್ ಎಂದು ಅದಕ್ಕೆ ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ. ತೆರೆದಿದ್ದ ಕೆಲಸ ಮರೆಯಬಾರದೆಂದು ರ್‍ಯಾಮ್ ಎಂಬ ನೆನಪಿನ ಭಾಗಕ್ಕೆ ಮಾತ್ರ ತುಸು ಕರೆಂಟು ಹರಿಯುತ್ತಿರುತ್ತದೆ. ಪರದೆ ಆರುತ್ತದೆ, ಪ್ರೊಸೆಸರ್ ನಿಲ್ಲುತ್ತದೆ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಯುಎಸ್‌ಬಿ ಕಿಂಡಿಗಳ ಕರೆಂಟೂ ನಿಲ್ಲುತ್ತದೆ. ಜೇಬಿಗೆ ಹಿಡಿಸುವ ಡಿಸ್ಕಿಗೆ ಬೇರೆ ಪ್ಲಗ್ ಎಲ್ಲಿದೆ? ಅದರ ಅನ್ನ ನೀರು ಎಲ್ಲವೂ ಆ ಕಿಂಡಿಯಿಂದಲೇ. ಒಳಗೆ ನಿಮಿಷಕ್ಕೆ 5400 ಸುತ್ತು ತಿರುಗುತ್ತಿದ್ದ ತಟ್ಟೆ ನಿಂತುಹೋಗುತ್ತದೆ.

ಎದ್ದಾಗ ಕಂಪ್ಯೂಟರ್ ಹಾಜರಿ ಕರೆಯುತ್ತದೆ. ಕೀಬೋರ್ಡ್? ಹಾಜರ್. ಮೌಸ್? ಹಾಜರ್. ಡಿಸ್ಕ್? ಅದು ಪಾಪ, ಇನ್ನೂ ತಟ್ಟೆ ತಿರುಗಿಸಲು ಒದ್ದಾಡುತ್ತಿರುತ್ತದೆ. ತಿರುಗಿ ವೇಗಕ್ಕೆ ಬರಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ಉತ್ತರ ಬರಲಿಲ್ಲವೆಂದರೆ ಗೈರುಹಾಜರಿ ಬಿದ್ದುಬಿಡುತ್ತದೆ. ಡಿಸ್ಕ್ ಮೇಜಿನ ಮೇಲೇ ಇದ್ದರೂ ಪರದೆಯಲ್ಲಿ ಇಲ್ಲ. ಕೇಬಲ್ ಕಳಚಿ ಮತ್ತೆ ಸಿಕ್ಕಿಸಿದರೆ ಹೊಸದಾಗಿ ಹೆಸರು ಬರೆಸಿಕೊಂಡು ಒಳಗೆ ಬರುತ್ತದೆ.

ಹಾಗಾದರೆ ಗಾಬರಿ ಯಾಕೆ ಎಂದು ಕೇಳಬಹುದು. ಗಾಬರಿ ಡಿಸ್ಕಿನದಲ್ಲ, ಅರ್ಧಕ್ಕೆ ನಿಂತ ಬರವಣಿಗೆಯದು. ನಾನು ಬ್ಯಾಂಕಿಗೆ ಸೇರಿದಾಗ ಕೌಂಟರಿನಲ್ಲಿ ಹಣ ಪಡೆದು, ಚಲನ್ನಿನ ಅರ್ಧ ಹರಿದು, ಮೊಹರು ಹಾಕಿ ಗಿರಾಕಿಗೆ ಕೊಡುತ್ತಿದ್ದೆವು. ಉಳಿದರ್ಧ ಟ್ರೇಯಲ್ಲಿ ಬೀಳುತ್ತಿತ್ತು. ಲೆಡ್ಜರಿಗೆ ಏರುವುದು ಆಮೇಲೆ, ಹತ್ತಿಪ್ಪತ್ತು ಒಟ್ಟಾದಾಗ. ಕಂಪ್ಯೂಟರೂ ಹೀಗೆಯೇ. “ಕಾಪಿ ಆಯಿತು” ಎಂದು ಮೊಹರು ಹಾಕಿ ತೋರಿಸಿದರೂ ಕೊನೆಯ ಕೆಲವು ಚೀಟಿಗಳು ಟ್ರೇಯಲ್ಲೇ ಇರಬಹುದು. ಕ್ಯಾಶ್ ಎನ್ನುತ್ತಾರೆ ಇದನ್ನು. ನಮ್ಮ ಬ್ಯಾಂಕಿನ ಕ್ಯಾಶ್ ಅಲ್ಲ, ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ. ಟ್ರೇ ಖಾಲಿಯಾಗುವ ಮೊದಲೇ ಡಿಸ್ಕಿನ ಕರೆಂಟು ಹೋದರೆ? ಗಿರಾಕಿಯ ಕೈಯಲ್ಲಿ ರಸೀದಿ ಇದೆ, ಲೆಡ್ಜರಿನಲ್ಲಿ ಹಣವಿಲ್ಲ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದೀಚೆಗೆ, ಹೊರಗಿನ ಡಿಸ್ಕುಗಳಿಗೆ ಹೀಗೆ ಟ್ರೇಯಲ್ಲಿ ಕೂಡಿಡದೆ ಬೇಗ ಬರೆದುಬಿಡುವ ಪದ್ಧತಿಯನ್ನೇ ಮಾಮೂಲು ಮಾಡಿದ್ದಾರೆ. ಒಳ್ಳೆಯದೇ. ಆದರೆ ಕಾಪಿ ನಡೆಯುತ್ತಿರುವಾಗಲೇ ನಿದ್ದೆ ಬಂದರೆ ಯಾವ ಪದ್ಧತಿಯೂ ಕಾಯುವುದಿಲ್ಲ. ಆ ಗಳಿಗೆಯಲ್ಲಿ ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಲ್ಲುತ್ತದೆ.

ಸಾಗರದ ಹುಡುಗನ ಡಿಸ್ಕಿನಲ್ಲೂ ಅದೇ ಆಗಿತ್ತು. ಕೇಬಲ್ ಕಳಚಿ, ಲ್ಯಾಪ್‌ಟಾಪಿನ ಇನ್ನೊಂದು ಬದಿಯ ಕಿಂಡಿಗೆ ಸಿಕ್ಕಿಸು ಎಂದೆ. ಡಿಸ್ಕ್ ಬಂತು. ಅದರೊಂದಿಗೆ ಒಂದು ಎಚ್ಚರಿಕೆಯೂ ಬಂತು: ಸ್ಕ್ಯಾನ್ ಅಂಡ್ ಫಿಕ್ಸ್. ತಡಿ ಎಂದೆ. ಮೊದಲು ಏನು ಉಳಿದಿದೆ ನೋಡು. ಹಾಡುಗಳೆಲ್ಲ ಇದ್ದವು, ಕಾಪಿ ಆಗುತ್ತಿದ್ದ ಒಂದು ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಅವನು ಕಟ್ ಮಾಡದೆ ಕಾಪಿ ಮಾಡಿದ್ದರಿಂದ ಅದರ ಮೂಲ ಲ್ಯಾಪ್‌ಟಾಪಿನಲ್ಲಿ ಭದ್ರವಾಗಿತ್ತು. ಇದನ್ನು ಅಡಿಗೆರೆ ಎಳೆದು ಹೇಳುತ್ತೇನೆ ಮಕ್ಕಳೇ: ಡಿಸ್ಕಿಗೆ ಸಾಗಿಸುವಾಗ ಕಟ್ ಬೇಡ, ಕಾಪಿ ಮಾಡಿ. ಅಲ್ಲಿ ತೆರೆದು ನೋಡಿ, ಕೇಳಿ, ಆಮೇಲೆ ಬೇಕಿದ್ದರೆ ಇಲ್ಲಿಯದನ್ನು ಅಳಿಸಿ.

ಇನ್ನೊಂದು ಎಚ್ಚರಿಕೆ ಇದೆ. ಕೆಲವೊಮ್ಮೆ ಡಿಸ್ಕ್ ಮರಳಿ ಬಂದಾಗ ವಿಂಡೋಸ್ “ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು” ಎನ್ನುತ್ತದೆ. ಬಹಳ ವಿನಯದಿಂದಲೇ ಕೇಳುತ್ತದೆ. ಒತ್ತಬೇಡಿ. ಫಾರ್ಮ್ಯಾಟ್ ಎಂದರೆ ಲೆಡ್ಜರಿನ ಹಾಳೆಗಳನ್ನು ಕಿತ್ತು ಹೊಸ ಪುಸ್ತಕ ತೆರೆದಂತೆ. ಕ್ಯಾನ್ಸಲ್ ಒತ್ತಿ, ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಹಾಕಿ ನೋಡಿ. ಡಿಸ್ಕಿನಿಂದ ಟಿಕ್ ಟಿಕ್ ಎಂದು ಮತ್ತೆ ಮತ್ತೆ ಸದ್ದು ಬರುತ್ತಿದ್ದರಂತೂ ತಕ್ಷಣ ಕಳಚಿ, ಬಲ್ಲವರಿಗೆ ತೋರಿಸಿ. ಹಟ ಹಿಡಿದು ಹತ್ತು ಸಲ ಸಿಕ್ಕಿಸಿದಷ್ಟೂ ಗಾಯ ದೊಡ್ಡದಾಗುತ್ತದೆ.

ಈಗ ಕಾರಣ ಹುಡುಕುವ ಬಗೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸುತ್ತಿದ್ದೆವು. ನಿಶ್ಶೇಷವಾಗಿ ಭಾಗವಾದರೆ ಯಾರೋ ಅಂಕಿಗಳನ್ನು ಅದಲುಬದಲು ಬರೆದಿರಬಹುದು ಎಂದು ಗುಮಾನಿ. 81 ಬರೆಯುವಲ್ಲಿ 18 ಬರೆದರೆ ವ್ಯತ್ಯಾಸ 63, ಭಾಗಿಸಿ ನೋಡಿ. ಬೇರೆ ಯಾವ ಎರಡಂಕಿಯನ್ನು ತಿರುವಿದರೂ ಹಾಗೆಯೇ, ಮನೆಯಲ್ಲಿ ಮಾಡಿ ನೋಡಬಹುದು. ಅಂದರೆ ಇಡೀ ಪುಸ್ತಕ ಕೆದಕುವ ಮೊದಲು ಸುಲಭದ ಗುಮಾನಿಯನ್ನು ಪರೀಕ್ಷಿಸಿ ಬಿಡುವುದು, ಅದೂ ಒಂದು ಸಲಕ್ಕೆ ಒಂದನ್ನೇ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದೇ ಇಲ್ಲ.

ಸುಲಭದ ಗುಮಾನಿ ಕೇಬಲ್ ಮತ್ತು ಕಿಂಡಿ. ಹಳೆಯ ಯುಎಸ್‌ಬಿ 2 ಕಿಂಡಿ ಕೊಡಬೇಕಾದದ್ದು 500 ಮಿಲಿ ಆಂಪಿಯರ್ ಕರೆಂಟು, ಯುಎಸ್‌ಬಿ 3 ಆದರೆ 900. ಈ ಎರಡನೆಯದರ ಒಳಗೆ ಸಾಮಾನ್ಯವಾಗಿ ನೀಲಿ ಬಣ್ಣ ಇರುತ್ತದೆ. ನಿಂತ ಗಾಡಿಯನ್ನು ತಳ್ಳುವಾಗ ಮೊದಲ ನೂಕಿಗೇ ಹೆಚ್ಚು ಶಕ್ತಿ ಬೇಕಲ್ಲವೇ? ಡಿಸ್ಕಿಗೂ ತಟ್ಟೆ ತಿರುಗತೊಡಗುವ ಗಳಿಗೆಯಲ್ಲೇ ಹಸಿವು ಹೆಚ್ಚು, ಮತ್ತು ನಿದ್ದೆಯಿಂದ ಎದ್ದಾಗ ಬರುವುದು ಅದೇ ಗಳಿಗೆ. ನಾಲ್ಕು ಕಿಂಡಿಯ ಹಬ್ಬಿಗೆ ಡಿಸ್ಕು, ಮೌಸು, ಪ್ರಿಂಟರು, ಪುಟ್ಟ ಫ್ಯಾನು ಎಲ್ಲ ಸಿಕ್ಕಿಸಿ ಒಂದು ಕಿಂಡಿಯ ಕರೆಂಟನ್ನು ಹಂಚಿದರೆ ಡಿಸ್ಕ್ ಏಳುವುದಾದರೂ ಹೇಗೆ? ನೇರ ಕಂಪ್ಯೂಟರಿಗೇ ಸಿಕ್ಕಿಸಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಕಿಂಡಿ ಉತ್ತಮ. ಉದ್ದದ ಸಪೂರ ಕೇಬಲ್ ಬಿಟ್ಟು ಗಿಡ್ಡ ಕೇಬಲ್ ಹಾಕಿ.

ಇದಕ್ಕೆ ಬಗ್ಗದಿದ್ದರೆ ವಿಂಡೋಸಿನ ಒಳಗೆ ಇಳಿಯಬೇಕು. ಈ ಭಾಗಕ್ಕೆ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್, ಅದರಲ್ಲಿ ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಆಮೇಲೆ ಅಡ್ವಾನ್ಸ್ಡ್. ಪುಟ್ಟ ಕಿಟಕಿಯಲ್ಲಿ ಯುಎಸ್‌ಬಿ ಸೆಟ್ಟಿಂಗ್ಸ್ ಅಡಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದಿದೆ. ಸುಮ್ಮನಿರುವ ಸಾಧನಗಳನ್ನು ಕಂಪ್ಯೂಟರ್ ಎಚ್ಚರವಿರುವಾಗಲೇ ತೂಕಡಿಸಲು ಬಿಡುವ ಏರ್ಪಾಡು ಅದು. ಡಿಸೇಬಲ್ಡ್ ಮಾಡಿ. ಅಲ್ಲೇ ಹಾರ್ಡ್ ಡಿಸ್ಕನ್ನು ಇಷ್ಟು ನಿಮಿಷಕ್ಕೆ ನಿಲ್ಲಿಸು ಎಂಬ ಸಾಲೂ ಇದೆ. ಅದನ್ನು ನೆವರ್ ಮಾಡಬಹುದು. ಮುಂದಿನದು ಡಿವೈಸ್ ಮ್ಯಾನೇಜರ್. ಯುಎಸ್‌ಬಿ ರೂಟ್ ಹಬ್ ಎಂಬುದರ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಕಂಪ್ಯೂಟರಿಗೆ ಅನುಮತಿ ಕೊಡುವ ಗುರುತನ್ನು ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಸಾಲುಗಳು ಕಾಣಿಸುವುದೇ ಇಲ್ಲ, ಹುಡುಕಿ ದಣಿಯಬೇಡಿ. ಮ್ಯಾಕ್ ಇರುವವರು ಎನರ್ಜಿ ಅಥವಾ ಬ್ಯಾಟರಿ ಸೆಟ್ಟಿಂಗಿನಲ್ಲಿ ಹಾರ್ಡ್ ಡಿಸ್ಕುಗಳನ್ನು ನಿದ್ದೆಗೆ ಕಳಿಸುವ ಆಯ್ಕೆಯನ್ನು ಆರಿಸಿಡಬಹುದು.

ಇಷ್ಟೆಲ್ಲ ಮಾಡಿದರೂ ನಿಜವಾದ ನಿದ್ದೆಯಲ್ಲಿ ಕಿಂಡಿಯ ಕರೆಂಟನ್ನೇ ಕಡಿಯುವ ಯಂತ್ರಗಳಿವೆ. ಅವುಗಳ ಮುಂದೆ ಯಾವ ಸೆಟ್ಟಿಂಗೂ ನಡೆಯದು. ನನ್ನ ಕೇಳಿದರೆ, ಕೆಲಸ ಮುಗಿದೊಡನೆ ಡಿಸ್ಕನ್ನು ಎಜೆಕ್ಟ್ ಮಾಡಿ ಕಳಚಿಡುವುದೇ ಸುಖ. ಎಜೆಕ್ಟ್ ಎಂದರೆ ಟ್ರೇಯಲ್ಲಿದ್ದುದನ್ನೆಲ್ಲ ಲೆಡ್ಜರಿಗೆ ಏರಿಸಿ ಪುಸ್ತಕ ಮುಚ್ಚು ಎಂಬ ಆಜ್ಞೆ. “ಡಿಸ್ಕ್ ಬಳಕೆಯಲ್ಲಿದೆ” ಎಂದು ಅದು ತಕರಾರು ತೆಗೆದರೆ, ತೆರೆದ ಹಾಡು, ಫೋಟೊ ಎಲ್ಲ ಮುಚ್ಚಿ ಮತ್ತೆ ಪ್ರಯತ್ನಿಸಿ. ಆಗಲೂ ಬಿಡದಿದ್ದರೆ ಕಂಪ್ಯೂಟರನ್ನೇ ಶಟ್ ಡೌನ್ ಮಾಡಿ, ದೀಪ ಆರಿದ ಮೇಲೆ ಕಳಚಿ.

ರಾತ್ರಿಯಿಡೀ ಕಾಪಿ ನಡೆಯಬೇಕಾದ ಸಂದರ್ಭವೂ ಇರುತ್ತದೆ, ಸಾಗರದ ಹುಡುಗನಿಗೆ ಇದ್ದ ಹಾಗೆ. ಆಗ ಚಾರ್ಜರ್ ಸಿಕ್ಕಿಸಿ, ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದರೆ ಏನೂ ಮಾಡಬೇಡ ಎಂಬುದನ್ನು ಆರಿಸಿ, ಸ್ಲೀಪ್ ಎಂಬಲ್ಲಿ ನೆವರ್ ಹಾಕಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಾಗಲಿ ಚೀಲದಲ್ಲಾಗಲಿ ಇಡಬೇಡಿ, ಕಾಯುತ್ತದೆ. ಬೆಳಿಗ್ಗೆ ಸೆಟ್ಟಿಂಗನ್ನು ಮೊದಲಿನಂತೆ ಮಾಡಿಬಿಡಿ.

ಮೈಸೂರಿನ ಓದುಗರೊಬ್ಬರದು ದೊಡ್ಡ ಡಿಸ್ಕ್, ಇಟ್ಟಿಗೆಯಷ್ಟು ದಪ್ಪ, ಬೇರೆ ಅಡಾಪ್ಟರ್ ಇರುವಂಥದು. ಕರೆಂಟು ಹೋದಾಗೆಲ್ಲ ಡಿಸ್ಕ್ ಮಾಯ, ಕಂಪ್ಯೂಟರ್ ಮಾತ್ರ ನಡೆಯುತ್ತಲೇ ಇರುತ್ತದೆ ಎಂದು ಬರೆದಿದ್ದಾರೆ. ಇಲ್ಲಿ ನಿದ್ದೆಯ ಪಾತ್ರವೇ ಇಲ್ಲ ಸ್ವಾಮಿ. ಕಂಪ್ಯೂಟರ್ ಯುಪಿಎಸ್‌ನಲ್ಲಿದೆ, ಡಿಸ್ಕಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿದೆ. ಅದನ್ನೂ ಯುಪಿಎಸ್‌ಗೇ ಸಿಕ್ಕಿಸಿ.