ಸೂರ್ಯನ ಹಿಂದೆ ಓಡಬೇಕೇ ನಮ್ಮ ಶಾಲೆಯ ಸೋಲಾರ್?

ಈಗ ನಮ್ಮ ಕಡೆಯ ಯಾವ ಪಿ.ಟಿ.ಎ. ಸಭೆಗೆ ಹೋದರೂ ಒಂದಲ್ಲ ಒಂದು ಹೊತ್ತಿಗೆ ಸೋಲಾರಿನ ಮಾತು ಬಂದೇ ಬರುತ್ತದೆ. ಅದು ಒಳ್ಳೆಯದೇ. 2018ರಲ್ಲಿ ಕೇರಳದ ಹೈಟೆಕ್ ಶಾಲಾ ಯೋಜನೆ ಶುರುವಾದ ಮೇಲೆ ಪ್ರೌಢಶಾಲೆಯ ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು. ಅವುಗಳ ಹಿಂದೆಯೇ ಕರೆಂಟು ಬಿಲ್ಲೂ ಬಂತು. ಹಳೆ ವಿದ್ಯಾರ್ಥಿಗಳು ಮುಂದೆ ಬಂದು, ಮಾಡಿನ ಮೇಲೆ ಸೋಲಾರ್ ಹಾಕಿಸೋಣ ಎಂದರೆ ನಾವು ಬೇಡ ಎನ್ನುವುದುಂಟೇ?

ಆದರೆ ಇತ್ತೀಚೆಗೆ ಮಾತು ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿದೆ. ಹಾಕುವುದಾದರೆ ಸೂರ್ಯ ಹೋದ ಕಡೆಗೆ ತಾನೇ ತಿರುಗುವ ಟ್ರ್ಯಾಕರ್ ಇರುವುದನ್ನೇ ಹಾಕಿಸೋಣ, ಸೂರ್ಯಕಾಂತಿ ಹೂವಿನ ಹಾಗೆ, ನೋಡಲೂ ಚಂದ, ಕರೆಂಟೂ ಜಾಸ್ತಿ ಎನ್ನುವವರಿದ್ದಾರೆ. ಮಧೂರಿನಂಥ ಊರಿನ ಕನ್ನಡ ಶಾಲೆಗೆ ಇದು ಲಾಭವೇ? ಲಾಭವಲ್ಲ ಎಂಬುದು ನಮ್ಮ ಅಭಿಪ್ರಾಯ. ಯಾಕೆ ಎಂದು ಲೆಕ್ಕ ಸಮೇತ ಹೇಳುತ್ತೇವೆ. ಮೇಷ್ಟ್ರುಗಳಲ್ಲವೇ, ಲೆಕ್ಕ ಬಿಟ್ಟು ಮಾತಾಡಲು ಬರುವುದಿಲ್ಲ!

ಮೊದಲು ಟ್ರ್ಯಾಕರ್ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ಬಿಸಿಲು ಪ್ಯಾನೆಲ್ಲಿಗೆ ನೇರ ಬಿದ್ದರೆ ಪೂರ್ಣ ಫಲ, ಓರೆಯಾಗಿ ಬಿದ್ದರೆ ಕಡಿಮೆ. ಎಷ್ಟು ಕಡಿಮೆ ಎಂಬುದು ಹತ್ತನೇ ಕ್ಲಾಸಿನ ತ್ರಿಕೋನಮಿತಿ. ಕೋನ 20 ಡಿಗ್ರಿ ತಪ್ಪಿದರೆ ನಷ್ಟ ಬರೀ ಶೇಕಡಾ 6. 30 ಡಿಗ್ರಿ ತಪ್ಪಿದರೆ ಶೇಕಡಾ 13. 60 ಡಿಗ್ರಿ ತಪ್ಪಿದರೆ ಸರಿಯಾಗಿ ಅರ್ಧ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹಾಗಾಗಿ ನಡುಮಧ್ಯಾಹ್ನದಿಂದ ಎರಡು ಗಂಟೆ ಆಚೀಚೆ ನಷ್ಟ ಅಲ್ಪ, ನಾಲ್ಕು ಗಂಟೆ ಆಚೀಚೆ ನಷ್ಟ ದೊಡ್ಡದು. ಪೂರ್ವದಿಂದ ಪಶ್ಚಿಮಕ್ಕೆ ತಿರುಗುವ ಟ್ರ್ಯಾಕರ್ ಈ ಬೆಳಗು ಬೈಗಿನ ನಷ್ಟವನ್ನು ಉಳಿಸುತ್ತದೆ. ಬಾನು ತಿಳಿಯಾಗಿರುವ ಊರಲ್ಲಿ ಇದರಿಂದ ವರ್ಷಕ್ಕೆ ಶೇಕಡಾ 15ರಿಂದ 25ರಷ್ಟು ಕರೆಂಟು ಹೆಚ್ಚು ಸಿಗುತ್ತದೆ. ಎರಡೂ ದಿಕ್ಕಿಗೆ ತಿರುಗುವುದಾದರೆ ಇನ್ನೂ ಸ್ವಲ್ಪ ಜಾಸ್ತಿ. ಇದು ಸುಳ್ಳಲ್ಲ. ಅಮೆರಿಕದಲ್ಲಿ ಈಗ ಕಟ್ಟುವ ದೊಡ್ಡ ಸೋಲಾರ್ ಸ್ಥಾವರಗಳಲ್ಲಿ ಹೆಚ್ಚಿನವು ಟ್ರ್ಯಾಕರ್ ಇರುವಂಥವೇ.

ಆದರೆ ನಾವಿರುವುದು ಮಧೂರಿನಲ್ಲಿ, ಉತ್ತರ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯಲ್ಲಿ. ಇಲ್ಲಿ ಏಪ್ರಿಲ್ 23ರ ಮತ್ತು ಆಗಸ್ಟ್ 19ರ ಆಸುಪಾಸಿನಲ್ಲಿ, ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ, ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಅಂಗಳದಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. (ಏಪ್ರಿಲಿನಲ್ಲಿ ಮಕ್ಕಳಿಗೆ ರಜೆ, ಆಗಸ್ಟಿನಲ್ಲಿ ಮೋಡ, ಅದು ಬೇರೆ ಮಾತು!) ದಕ್ಷಿಣಕ್ಕೆ 12 ಡಿಗ್ರಿ ವಾಲಿಸಿ ಗಟ್ಟಿಯಾಗಿ ಕೂರಿಸಿದ ಪ್ಯಾನೆಲ್ಲಿಗೆ ಡಿಸೆಂಬರ್ 22ರ ಮಧ್ಯಾಹ್ನವಾಗಲಿ, ಜೂನ್ 21ರ ಮಧ್ಯಾಹ್ನವಾಗಲಿ ಕೋನ ತಪ್ಪುವುದು ಹೆಚ್ಚೆಂದರೆ 24 ಡಿಗ್ರಿ. ನಷ್ಟ ಶೇಕಡಾ 9ರ ಒಳಗೆ. ಅಂದರೆ ಉತ್ತರಾಯಣ ದಕ್ಷಿಣಾಯನಕ್ಕೆ ತಕ್ಕಂತೆ ತಿರುಗಿಸುವ ದುಬಾರಿ ಯಂತ್ರ ನಮಗೆ ಬೇಡವೇ ಬೇಡ. ಉಳಿದದ್ದು ಬೆಳಗು ಬೈಗಿನ ಲಾಭ ಮಾತ್ರ.

ಅದಕ್ಕೂ ಅಡ್ಡ ಬರುವವನು ವರುಣ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಮೋಡ ಕವಿದ ದಿನ ಬೆಳಕು ಒಂದು ಕಡೆಯಿಂದ ಬರುವುದಿಲ್ಲ, ಇಡೀ ಆಕಾಶದಿಂದ ಚದುರಿ ಬರುತ್ತದೆ. ಆಗ ಆಕಾಶಕ್ಕೆ ಮುಖ ಮಾಡಿ ಹೆಚ್ಚು ಕಡಿಮೆ ಮಟ್ಟಸವಾಗಿ ಮಲಗಿದ ಪ್ಯಾನೆಲ್ಲಿಗೇ ಹೆಚ್ಚು ಬೆಳಕು. ಕಾಣದ ಸೂರ್ಯನನ್ನು ಹುಡುಕಿ ಪೂರ್ವಕ್ಕೆ ವಾಲಿದ ಪ್ಯಾನೆಲ್ ಅರ್ಧ ಆಕಾಶಕ್ಕೆ ಬೆನ್ನು ಹಾಕಿದಂತೆ. ಪಾವಗಡದ ಒಣ ಬಯಲಿನ ಲೆಕ್ಕವನ್ನು ಮಧೂರಿಗೆ ಹಚ್ಚಿದರೆ ತಾಳೆಯಾಗದು.

ಈಗ ದುಡ್ಡಿನ ಲೆಕ್ಕ. ನಮ್ಮಲ್ಲಿ ಒಂದು ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 5 ಕಿಲೋವ್ಯಾಟ್ ಹಾಕಿದರೆ 20 ಯೂನಿಟ್. ನಮ್ಮ ಮಳೆಯನ್ನು ಮರೆತು, ಟ್ರ್ಯಾಕರ್ ಶೇಕಡಾ 20 ಹೆಚ್ಚು ಕೊಡುತ್ತದೆ ಎಂದೇ ಉದಾರವಾಗಿ ಒಪ್ಪೋಣ. ಸಿಕ್ಕಿದ್ದು 4 ಯೂನಿಟ್. ಇದೇ 4 ಯೂನಿಟ್ ಪಡೆಯಲು ಇನ್ನೊಂದು ದಾರಿ ಇದೆ: ಇನ್ನೊಂದು ಕಿಲೋವ್ಯಾಟ್, ಅಂದರೆ 500 ವ್ಯಾಟಿನ ಎರಡೇ ಎರಡು ಪ್ಯಾನೆಲ್ ಹೆಚ್ಚಿಗೆ ಹಾಕುವುದು. ಕಂಪೆನಿ ನೋಡಿಕೊಂಡು ಅವುಗಳ ಬೆಲೆ ಅಂದಾಜು 25-30 ಸಾವಿರ ರೂಪಾಯಿ. ಅವುಗಳಲ್ಲಿ ಮೋಟರ್ ಇಲ್ಲ, ಬೇರಿಂಗ್ ಇಲ್ಲ, ಸೆನ್ಸರ್ ಇಲ್ಲ. ಕೆಡಲು ತಿರುಗುವ ಭಾಗವೇ ಇಲ್ಲ.

2008ರ ಸುಮಾರಿಗೆ ಜಾಗತಿಕ ಮಾರುಕಟ್ಟೆಯಲ್ಲಿ ಪ್ಯಾನೆಲ್ಲಿನ ಬೆಲೆ ವ್ಯಾಟಿಗೆ 4 ಡಾಲರ್ ಹತ್ತಿರ ಇತ್ತು. ಆಗ ಇದ್ದ ಪ್ಯಾನೆಲ್ಲಿನಿಂದಲೇ ಹಿಂಡಿ ಹಿಂಡಿ ಕರೆಂಟು ತೆಗೆಯುವುದು ಜಾಣತನವಾಗಿತ್ತು. ಈಗ ಅದು ಅರ್ಧ ಡಾಲರಿಗಿಂತಲೂ ಎಷ್ಟೋ ಕೆಳಗಿಳಿದಿದೆ. ಕಬ್ಬಿಣ, ಮೋಟರ್, ರಿಪೇರಿಯವನ ಕೂಲಿ ಹಾಗೆ ಇಳಿದಿಲ್ಲವಲ್ಲ!

ಯೂನಿಟಿಗೆ 7 ರೂಪಾಯಿ ಎಂದು ಇಟ್ಟುಕೊಂಡರೂ ಆ 4 ಯೂನಿಟಿನಿಂದ ವರ್ಷಕ್ಕೆ ಉಳಿಯುವುದು ಹತ್ತು ಸಾವಿರ ರೂಪಾಯಿ. ಕಡಲ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಮೇ ತಿಂಗಳ ಸಿಡಿಲು ಇವುಗಳ ನಡುವೆ ಒಂದು ಮೋಟರ್ ಸುಟ್ಟರೆ ಆ ಉಳಿತಾಯ ಅಲ್ಲಿಗೇ ಹೋಯಿತು. ರಿಪೇರಿಯವನು ಬರುವ ತನಕ ಪ್ಯಾನೆಲ್ ಪಶ್ಚಿಮಕ್ಕೆ ಮುಖ ಮಾಡಿ ನಿಂತೇ ಇದ್ದರೆ ಬೆಳಗ್ಗಿನ ಕರೆಂಟೂ ಇಲ್ಲ. ಇನ್ನು ನಮ್ಮ ಅನೇಕ ಶಾಲೆಗಳದ್ದು ಮುರಕಲ್ಲಿನ ಗೋಡೆ, ಹಂಚಿನ ಮಾಡು. ಗಾಳಿ ಬಂದಾಗ ಎತ್ತಿ ನಿಂತ ಪ್ಯಾನೆಲ್ ಹಾಯಿಯ ಹಾಗೆ ಎಳೆಯುತ್ತದೆ. ಅದರ ಕೆಳಗೆ ಕೂತಿರುವವರು ನಮ್ಮ ಮಕ್ಕಳು.

ಶಾಲೆಯ ವೇಳಾಪಟ್ಟಿಯನ್ನೂ ನೋಡಿ. ಹತ್ತರಿಂದ ನಾಲ್ಕು. ಗಟ್ಟಿಯಾಗಿ ಕೂರಿಸಿದ ಪ್ಯಾನೆಲ್ ಚೆನ್ನಾಗಿ ದುಡಿಯುವುದೂ ಸುಮಾರು ಅದೇ ಹೊತ್ತಿಗೆ. ಟ್ರ್ಯಾಕರಿನ ಲಾಭದ ಬಹುಪಾಲು ಬರುವುದು ಬೆಳಗ್ಗೆ ಮಕ್ಕಳು ಇನ್ನೂ ಬಸ್ಸಿಗೆ ಕಾಯುವಾಗ, ಸಂಜೆ ಗೇಟಿಗೆ ಬೀಗ ಬಿದ್ದ ಮೇಲೆ. ಬೆಳಗು ಬೈಗಿನ ಕರೆಂಟು ಬೇಕೇ ಬೇಕು ಎನ್ನುವವರು ಅರ್ಧ ಪ್ಯಾನೆಲ್ ಪೂರ್ವಕ್ಕೆ, ಅರ್ಧ ಪಶ್ಚಿಮಕ್ಕೆ ಸ್ವಲ್ಪ ವಾಲಿಸಿ ಹಾಕಲಿ. ಒಟ್ಟು ಉತ್ಪಾದನೆಯಲ್ಲಿ ತಪ್ಪುವುದು ಕೆಲವೇ ಶೇಕಡಾ.

ಹಾಗಾದರೆ ಟ್ರ್ಯಾಕರ್ ಯಾರಿಗೆ? ನೂರಾರು ಎಕರೆ ಬಯಲು, ತಿಳಿ ಬಾನು, ದಿನವೂ ನೋಡಿಕೊಳ್ಳುವ ತಂತ್ರಜ್ಞರು ಇರುವಲ್ಲಿಗೆ. ನಮ್ಮ ಜಿಲ್ಲೆಯಲ್ಲೂ ದೊಡ್ಡ ಸ್ಥಾವರಗಳಿವೆ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ ಹರಡಿರುವ 50 ಮೆಗಾವ್ಯಾಟಿನ ಸ್ಥಾವರವನ್ನು 2021ರ ಫೆಬ್ರವರಿ 19ರಂದು ಪ್ರಧಾನಿ ಉದ್ಘಾಟಿಸಿದರು. ಅಂಥವರು ಲೆಕ್ಕ ಹಾಕಲು ಇಂಜಿನಿಯರುಗಳನ್ನು ಇಟ್ಟುಕೊಂಡಿರುತ್ತಾರೆ. ನಮ್ಮ ಲೆಕ್ಕ ನಾವೇ ಹಾಕಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಶಾಲೆಗಳಿಗೆ ಬರುವ ಕೊಟೇಶನ್ನುಗಳು ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಪಿ.ಟಿ.ಎ.ಯ ಅಮ್ಮಂದಿರು ಅಪ್ಪಂದಿರು ಓದಲಾಗದೆ, "ಮೇಷ್ಟ್ರು ನೋಡಿದ್ದಾರಲ್ಲ" ಎಂದು ಸಹಿ ಹಾಕುತ್ತಾರೆ. ಇದು ನಿಲ್ಲಬೇಕು. ಪ್ಯಾನೆಲ್ಲಿಗೆ ಎಷ್ಟು, ಸ್ಟ್ಯಾಂಡಿಗೆ ಎಷ್ಟು, ಟ್ರ್ಯಾಕರಿಗೆ ಎಷ್ಟು, ಐದು ವರ್ಷದ ನಂತರ ರಿಪೇರಿ ಯಾರದ್ದು ಎಂದು ಬೇರೆ ಬೇರೆಯಾಗಿ ಕನ್ನಡದಲ್ಲಿ ಬರೆಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ಮಕ್ಕಳ ಸಂಖ್ಯೆ ಉಳಿಸಿಕೊಳ್ಳಲು ಹೆಣಗುತ್ತಿರುವ ಕನ್ನಡ ಶಾಲೆಗೆ ದಾನಿಗಳು ಕೊಟ್ಟ ಒಂದೊಂದು ರೂಪಾಯಿಯೂ ಒಂದು ಪುಸ್ತಕ, ಒಂದು ಬೆಂಚು, ಶಾಲಾ ವಾಹನದ ಒಂದು ದಿನದ ಡೀಸೆಲ್. ಊರಿಗೆ ತೋರಿಸಲೆಂದು ತಿರುಗುವ ಯಂತ್ರ ಕೊಳ್ಳುವಷ್ಟು ಅನುಕೂಲಸ್ಥರು ನಾವಲ್ಲ.

ಉಳಿದ ದುಡ್ಡಲ್ಲಿ ಮಾಡಬೇಕಾದ್ದು ಬೇಕಾದಷ್ಟಿದೆ. ಪ್ಯಾನೆಲ್ಲಿನ ಮೇಲೆ ತೆಂಗಿನ ಗರಿಯ ನೆರಳು ಬೀಳದಂತೆ ನೋಡಿ. ಒಂದು ತುದಿಗೆ ನೆರಳು ಬಿದ್ದರೂ ಉತ್ಪಾದನೆ ತುಂಬ ಕುಸಿಯುತ್ತದೆ. ಹಕ್ಕಿ ಹಿಕ್ಕೆ, ಪಾಚಿ, ಧೂಳು ತೊಳೆಯಲು ಮಾಡಿಗೊಂದು ನಲ್ಲಿ ಹಾಕಿಸಿ. ಮನೆಗೆ ಹಾಕಿಸುವ ಹೆತ್ತವರಿಗೂ ಇದೇ ಮಾತು. 2024ರಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯ ಸಬ್ಸಿಡಿಗೆ ಲೆಕ್ಕ ಕಿಲೋವ್ಯಾಟಿನದ್ದು, 3 ಕಿಲೋವ್ಯಾಟಿಗೆ 78,000 ರೂಪಾಯಿ. ತಿರುಗಿದರೆ ಹೆಚ್ಚು, ತಿರುಗದಿದ್ದರೆ ಕಡಿಮೆ ಎಂದೇನಿಲ್ಲ.

ಟ್ರ್ಯಾಕರ್ ಶಾಲೆಗೆ ಬೇಡವೇ ಬೇಡ ಎಂದಲ್ಲ. ಮಾಡಿನ ಮೇಲೆ ಬೇಡ, ಮೇಜಿನ ಮೇಲೆ ಇರಲಿ. ಎರಡು ಬೆಳಕಿನ ಸೆನ್ಸರ್, ಒಂದು ಪುಟ್ಟ ಮೋಟರ್, ಅಂಗೈಯಗಲದ ಪ್ಯಾನೆಲ್ ಇದ್ದರೆ ಮಕ್ಕಳೇ ಶಾಸ್ತ್ರೋತ್ಸವಕ್ಕೆ ಮಾಡಿಯಾರು. ಪಕ್ಕದಲ್ಲಿ ತಿರುಗದ ಇನ್ನೊಂದನ್ನು ಇಟ್ಟು, ಬಿಸಿಲ ದಿನ ಎಷ್ಟು, ಮೋಡದ ದಿನ ಎಷ್ಟು ಎಂದು ಅಳೆದು ಕನ್ನಡದಲ್ಲಿ ಬರೆದಿಡಲಿ. ನಮ್ಮ ಲೆಕ್ಕ ಸರಿಯೋ ತಪ್ಪೋ ಅವರೇ ಹೇಳಲಿ.

ಅಂದಹಾಗೆ ಆ ಸೂರ್ಯಕಾಂತಿ. ಎಳೆಯದಿರುವಾಗ ಮಾತ್ರ ಅದು ಸೂರ್ಯನ ಹಿಂದೆ ತಿರುಗುವುದು. ಬಲಿತು ಅರಳಿದ ಮೇಲೆ ಪೂರ್ವಕ್ಕೆ ಮುಖ ಮಾಡಿ ಸುಮ್ಮನೆ ನಿಲ್ಲುತ್ತದೆ. ಕಾಳು ಕಟ್ಟುವುದು ಆಮೇಲೆಯೇ!