ಗಡಿಬೇಲಿಯೂ ನೆರೆಹೊರೆಯೂ

ಹೊಲಕ್ಕೆ ಬೇಲಿಯು ಎಷ್ಟು ಅವಶ್ಯಕವೆಂಬುದನ್ನು ರೈತರಿಗೆ ಪ್ರತ್ಯೇಕವಾಗಿ ಹೇಳಬೇಕಾದುದಿಲ್ಲ. ದನಕರುಗಳ ಬಾಯಿಂದ ಪೈರನ್ನು ಕಾಯುವುದು, ಗಾಳಿಯ ಹೊಡೆತವನ್ನು ತಗ್ಗಿಸುವುದು, ಬದುವಿನ ಮಣ್ಣನ್ನು ಬೇರುಗಳಿಂದ ಹಿಡಿದಿಡುವುದು, ಸೊಪ್ಪುಸೌದೆಗಳನ್ನು ಒದಗಿಸುವುದು, ಇವೆಲ್ಲವೂ ಹಸಿರುಬೇಲಿಯಿಂದಾಗುವ ಉಪಕಾರಗಳು. ಆದರೆ ವರ್ಷಗಟ್ಟಲೆ ಕತ್ತಿ ಕಾಣದ ಬೇಲಿಯು ಎರಡು ಕಡೆಗೂ ಹಬ್ಬಿ, ತಾನು ಕಾಯಬೇಕಾದ ನೆಲವನ್ನೇ ನುಂಗತೊಡಗಿದರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯು ಅಕ್ಷರಶಃ ನಿಜವಾಗುವುದು. ಅದಕ್ಕಿಂತಲೂ ಹೆಚ್ಚಿನ ಕೇಡೆಂದರೆ, ಅಂಥ ಬೇಲಿಯು ತಲೆತಲಾಂತರದಿಂದ ಅನ್ಯೋನ್ಯವಾಗಿದ್ದ ಎರಡು ಮನೆಗಳ ನಡುವೆ ವೈಮನಸ್ಯವನ್ನು ಬೆಳೆಸುವುದು.

ಈ ನಷ್ಟವು ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಜಮೀನಿನ ಅಳತೆಯ ಸರಪಳಿಯು 33 ಅಡಿ ಉದ್ದವುಳ್ಳದ್ದು. 33 ಅಡಿ ಉದ್ದ, 33 ಅಡಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರಡಿ. ಆರು ಸರಪಳಿ, ಎಂದರೆ 198 ಅಡಿ ಉದ್ದದ ಬೇಲಿಯು ಒಬ್ಬನ ಹೊಲದೊಳಕ್ಕೆ ಆರಡಿ ಹಬ್ಬಿತೆಂದರೆ 1,188 ಚದರಡಿ ನೆಲವು ಸಾಗುವಳಿಗೆ ತಪ್ಪಿಹೋಗುವುದು. ಇದು ಒಂದು ಗುಂಟೆಗೂ ಮಿಗಿಲು. ಇದರ ಮೇಲೆ, ಬೇಲಿಯ ನೆರಳಿಗೆ ಸಿಕ್ಕ ರಾಗಿಯ ಸಾಲುಗಳು ಸೊರಗುವುದೂ, ಬೇಲಿಗಿಡಗಳ ಬೇರುಗಳು ಪೈರಿಗೆ ಸಲ್ಲತಕ್ಕ ನೀರನ್ನೂ ಸಾರವನ್ನೂ ಹೀರಿಕೊಳ್ಳುವುದೂ ಉಂಟು. ಒಂದೆರಡು ಎಕರೆಯ ಹಿಡುವಳಿಯುಳ್ಳ ಸಂಸಾರಕ್ಕೆ ಇದು ಅಲ್ಪ ನಷ್ಟವಲ್ಲ.

ಆದರೂ ಜಗಳದ ನಿಜವಾದ ಮೂಲವು ಈ ನಷ್ಟವಲ್ಲ. ಪೊದೆಯೊಳಗೆ ಹುದುಗಿಹೋಗುವ ಬಾಂದುಕಲ್ಲು. ಕಲ್ಲು ಕಣ್ಣಿಗೆ ಕಾಣುತ್ತಿರುವವರೆಗೆ ಗಡಿಯ ವಿಷಯದಲ್ಲಿ ಮಾತಿಗೆ ಅವಕಾಶವಿರುವುದಿಲ್ಲ. ಅದು ಮರೆಯಾದೊಡನೆ ಒಬ್ಬನು ಬೇಲಿಯ ನಡುವನ್ನು ಗಡಿಯೆನ್ನುವನು, ಮತ್ತೊಬ್ಬನು ಅದರ ಆಚೆಯ ಅಂಚನ್ನು ಗಡಿಯೆನ್ನುವನು. ಬೇಲಿಯನ್ನು ಸವರಿದವನು ಬದುವನ್ನು ಒತ್ತಿದನೆಂಬ ಅಪವಾದಕ್ಕೆ ಗುರಿಯಾಗುವನು. ಸವರದೆ ಬಿಟ್ಟವನು ಬೇಕೆಂದೇ ಬೆಳೆಸಿದನೆಂಬ ದೂರನ್ನು ಕೇಳುವನು. ಇಬ್ಬರೂ ಪ್ರಾಮಾಣಿಕರಾಗಿದ್ದರೂ ಸಂಶಯವು ಬಿಡುವುದಿಲ್ಲ. ಗಡಿಗುರುತುಗಳನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು 1964ರ ಕರ್ನಾಟಕ ಭೂಕಂದಾಯ ಅಧಿನಿಯಮವು ಹಿಡುವಳಿದಾರನ ಮೇಲೆಯೇ ಇಟ್ಟಿರುವುದು ಅರ್ಥವತ್ತಾದುದು.

ಕಾನೂನು ಏನನ್ನುವುದೆಂದು ಕೆಲವರು ಕೇಳಬಹುದು. ನೆರೆಯವನ ಮರದ ಕೊಂಬೆಗಳು ತನ್ನ ನೆಲದ ಮೇಲೆ ಚಾಚಿಕೊಂಡರೆ, ತನ್ನ ಗಡಿಯೊಳಗೇ ನಿಂತು ಚಾಚಿದಷ್ಟನ್ನು ಕತ್ತರಿಸಬಹುದೆಂದು ಇಂಗ್ಲೆಂಡಿನ ಲಾರ್ಡುಗಳ ಸಭೆಯು 1894ರಲ್ಲಿ ಲೆಮನ್ ಮತ್ತು ವೆಬ್ ಎಂಬವರ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಭಾರತದ ನ್ಯಾಯಾಲಯಗಳೂ ಈ ತತ್ವವನ್ನು ಮನ್ನಿಸಿವೆ. ಆದರೆ ಆಚೆಯ ನೆಲಕ್ಕೆ ಕಾಲಿಡುವ ಹಕ್ಕಾಗಲಿ, ಗಿಡವನ್ನು ಬುಡಸಮೇತ ಕೀಳುವ ಹಕ್ಕಾಗಲಿ ಇದರಿಂದ ಬರುವುದಿಲ್ಲ. ಮರ ಕಡಿಯುವುದಾದರೆ ಒಡೆಯನೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣೆಯ ಅಧಿನಿಯಮದಂತೆ ಅನುಮತಿ ಬೇಕೇ ಎಂಬುದನ್ನು ಮೊದಲು ವಿಚಾರಿಸಬೇಕು. ಹಕ್ಕು ಇದ್ದ ಮಾತ್ರಕ್ಕೆ ಹೇಳದೆ ಕೇಳದೆ ಕತ್ತಿ ಹಿಡಿಯುವುದು ವಿವೇಕವಲ್ಲ. ಕಾನೂನು ಕೊಂಬೆಯನ್ನು ಕತ್ತರಿಸಲು ಅವಕಾಶ ಕೊಟ್ಟೀತು. ಮಾರನೆಯ ದಿನ ಅದೇ ಬದುವಿನ ಮೇಲೆ ಎದುರಾಗುವ ನೆರೆಯವನ ಮುಖವನ್ನು ಪ್ರಸನ್ನಗೊಳಿಸಲಾರದು.

ಆದಕಾರಣ ಗಡಿಬೇಲಿಯನ್ನು ಇಬ್ಬರೂ ಕೂಡಿ, ಒಂದೇ ದಿನ, ವರ್ಷಕ್ಕೊಮ್ಮೆ ತಪ್ಪದೆ ಸವರುವ ಪದ್ಧತಿಯೇ ಶ್ರೇಯಸ್ಕರವು. ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ, ಯುಗಾದಿಗೆ ಮುಂಚೆ, ಆಳುಗಳಿಗೂ ಎತ್ತುಗಳಿಗೂ ಬಿಡುವಿರುವ ಕಾಲವು ಇದಕ್ಕೆ ತಕ್ಕುದು. “ಅಣ್ಣಾ, ಬೇಲಿ ಸವರುವ ಕಾಲ ಬಂತು, ನಿನಗೆ ಯಾವತ್ತು ಅನುಕೂಲ?” ಎಂದು ಕೇಳುವುದರಿಂದ ಯಾರ ಗೌರವವೂ ಕುಂದುವುದಿಲ್ಲ. ಮೊದಲು ಎರಡು ತುದಿಗಳ ಕಲ್ಲುಗಳನ್ನು ಬಿಡಿಸಿ, ನಡುವೆ ಹಗ್ಗವನ್ನು ಎಳೆದು, ಹಗ್ಗದಿಂದ ಎರಡು ಕಡೆಗೂ ಒಂದೂವರೆ ಅಡಿ ಮೀರದಂತೆಯೂ ಎದೆಮಟ್ಟಕ್ಕಿಂತ ಎತ್ತರವಾಗದಂತೆಯೂ ಸವರತಕ್ಕದ್ದು. ಸೊಪ್ಪನ್ನೂ ಸೌದೆಯನ್ನೂ ಸಮನಾಗಿ ಹಂಚಿಕೊಳ್ಳತಕ್ಕದ್ದು. ಹೊಂಗೆ, ಗೊಬ್ಬರದ ಗಿಡ ಮುಂತಾದವುಗಳ ಸೊಪ್ಪು ಒಳ್ಳೆಯ ಹಸಿರುಗೊಬ್ಬರವಾದ್ದರಿಂದ ಕೆಲಸದ ಕೂಲಿಯಲ್ಲಿ ಒಂದು ಪಾಲು ಹೊಲಕ್ಕೇ ಮರಳಿ ಬರುವುದು. ಕಳ್ಳಿಯನ್ನು ಕಡಿಯುವಾಗ ಅದರ ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರವಿರಬೇಕು.

ಬೇಲಿಯಲ್ಲಿ ಲಂಟಾನವು ಸೇರಿಕೊಂಡಿದ್ದರೆ ಬರಿಯ ಸವರಿಕೆಯು ಸಾಲದು. ಅಂದಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಭಾರತಕ್ಕೆ ತಂದ ಈ ಗಿಡವು ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡುಗಳನ್ನೂ ಆಕ್ರಮಿಸಿರುವುದು ಎಲ್ಲರಿಗೂ ತಿಳಿದ ಸಂಗತಿ. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಹರಡುವುದರಿಂದ ಒಬ್ಬನ ಬೇಲಿಯ ಲಂಟಾನವು ಇಡೀ ಊರಿನ ಲಂಟಾನವಾಗುವುದು. ಮೇಲೆ ಕಡಿದರೆ ಅದು ಮತ್ತೆ ಚಿಗುರುವುದು. ಬೆಂಕಿಯಿಟ್ಟರೆ ಒಳ್ಳೆಯ ಗಿಡಗಳು ಸುಟ್ಟು, ಅದು ಮಾತ್ರ ಪುನಃ ತಲೆಯೆತ್ತುವುದು. ಕಾಯಿ ಹಣ್ಣಾಗುವ ಮುನ್ನ ಬುಡವನ್ನು ಅಗೆದು, ನೆಲದ ಕೆಳಗೆ ತಾಯಿಬೇರನ್ನು ಕತ್ತರಿಸಿ ಕಿತ್ತುಹಾಕತಕ್ಕದ್ದು. ಇದು ಒಬ್ಬನೇ ಒಂದು ಪಕ್ಕದಿಂದ ಮಾಡಿ ಮುಗಿಸುವ ಕೆಲಸವಲ್ಲವೆಂಬುದು ಸ್ಪಷ್ಟ.

“ಗಿಡ ನೆಟ್ಟವನು ಅವನು, ಕೂಲಿ ತೆರುವವನು ನಾನೇ?” ಎಂಬ ಆಕ್ಷೇಪವು ಸಹಜವೇ. ಬೇಲಿಯು ಒಬ್ಬನ ನೆಲದಲ್ಲಿಯೇ ಇದ್ದರೆ ಅವನು ಹೆಚ್ಚಿನ ಭಾರವನ್ನು ಹೊರುವುದು ನ್ಯಾಯ. ಆದರೆ ಅದರ ರಕ್ಷಣೆಯ ಫಲವು ಇಬ್ಬರಿಗೂ ಸಲ್ಲುವುದರಿಂದ ಮತ್ತೊಬ್ಬನು ಒಂದು ದಿನ ಕೈಗೂಡಿಸುವುದು ದಾನವಲ್ಲ. ಕೋರ್ಟಿಗೆ ತಿರುಗುವವನು ವಾಯಿದೆಯೊಂದಕ್ಕೆ ಕಳೆಯುವ ದಿನವೂ ದುಡಿಮೆಯ ದಿನವೇ ಅಲ್ಲವೆ?

ಎಲ್ಲ ಕಡೆಯೂ ಮಾತಿನಿಂದಲೇ ಕೆಲಸವಾಗುವುದೆಂದು ಹೇಳುವಂತಿಲ್ಲ. ಕಲ್ಲೇ ಕಳೆದುಹೋಗಿದ್ದರೆ, ಅಥವಾ ಮಾತು ನಿಂತುಹೋಗಿದ್ದರೆ, ಕತ್ತಿಗಿಂತ ಮೊದಲು ಅಳತೆಯಾಗಬೇಕು. ಹದ್ದುಬಸ್ತಿಗೆ ಅರ್ಜಿ ಕೊಟ್ಟು ಶುಲ್ಕವನ್ನು ಕಟ್ಟಿದರೆ, ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ಕೊಟ್ಟು, ದಾಖಲೆಯಂತೆ ಅಳೆದು ಗಡಿಯನ್ನು ತೋರಿಸಿಕೊಡುವರು. ಈ ಅರ್ಜಿಯನ್ನು ಇಬ್ಬರೂ ಮಾತಾಡಿಕೊಂಡು ಕೊಟ್ಟರೆ ಅಳತೆಯ ದಿನ ಹಗೆಗೆ ಎಡೆಯಿರುವುದಿಲ್ಲ.

ಹೊಲವನ್ನು ಮಾರಿ ಬೇರೆ ಕಡೆ ಕೊಳ್ಳಬಹುದೇನೋ. ಇರುವ ಹೊಲಕ್ಕೆ ಬೇರೆ ನೆರೆಯವನನ್ನು ತರಲಾಗದು. ರಾತ್ರಿ ದನ ನುಗ್ಗಿದಾಗ ಕೂಗಿ ಎಬ್ಬಿಸುವವನೂ, ಹದ ತಪ್ಪುವಾಗ ಒಂದು ಜೊತೆ ಎತ್ತನ್ನು ಕೊಡುವವನೂ ಅವನೇ. ಈ ಸುಗ್ಗಿಯ ನಂತರ ಪ್ರತಿಯೊಬ್ಬ ರೈತನೂ ತನ್ನ ಬದುವಿನ ಕಲ್ಲುಗಳನ್ನು ಒಮ್ಮೆ ಹುಡುಕಿ ನೋಡಲಿ. ಹುಡುಕಲು ಹೋಗುವಾಗ ನೆರೆಯವನನ್ನೂ ಜೊತೆಗೆ ಕರೆದುಕೊಂಡು ಹೋಗಲಿ.