ಯೋಜನೆ ಉಂಟು, ಮಾಡುವ ಕೈ ಎಲ್ಲಿ?

ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟರೂ ಮರ ಹತ್ತಿ ಔಷಧಿ ಹೊಡೆಯುವವರು ಹೊತ್ತಿಗೆ ಸಿಗದಿದ್ದರೆ ಅಡಿಕೆಗೆ ಕೊಳೆ ಬಂದೇ ಬರುತ್ತದೆ. ಸ್ಥಳೀಯ ಸಂಸ್ಥೆಗಳ ದೊಡ್ಡ ದೊಡ್ಡ ಯೋಜನೆಗಳ ಪಾಡೂ ಇದೇ.

ನವನಗರ ನಮ್ಮಲ್ಲಿ ಅನೇಕರಿಗೆ ಕ್ಯಾನ್ಸರ್ ಆಸ್ಪತ್ರೆಯ ಕಾರಣದಿಂದ ಗೊತ್ತು. ಅದು ಸೇರಿರುವ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ನೀರಿನ ಕಥೆ ಕೇಳಬೇಕು. ವಿಶ್ವ ಬ್ಯಾಂಕಿನ ಸಾಲದ ನೆರವಿನಿಂದ 2008ರಲ್ಲಿ ಅವಳಿ ನಗರದ ಆಯ್ದ ಕೆಲವು ಭಾಗಗಳಿಗೆ ದಿನದ 24 ಗಂಟೆಯೂ ನೀರು ಬಂತು. ನೀರಿನ ಮೂಲ ಬೇರೆಯಲ್ಲ. ಆದರೂ ಉಳಿದವರು ನಾಲ್ಕೈದು ದಿನಕ್ಕೊಮ್ಮೆ ಬರುವ ನೀರಿಗೆ ಕೊಡ ಹಿಡಿದು ಕಾಯುತ್ತಿದ್ದರು. ಆಯ್ದ ಭಾಗದಲ್ಲಿ ಹೊಸ ಕೊಳವೆ ಹಾಸಿದ್ದರು, ಮನೆಮನೆಗೆ ಮೀಟರು ಕೂಡಿಸಿದ್ದರು, ನಡೆಸಲೆಂದೇ ಫ್ರಾನ್ಸಿನ ಕಂಪನಿಯೊಂದನ್ನು ನೇಮಿಸಿದ್ದರು. ಕಂಪನಿ ಬಂದದ್ದರಿಂದಲೇ ನೀರು ಬಂತು ಎನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅಷ್ಟೇ ಹಣ, ಅಷ್ಟೇ ಕೊಳವೆ, ಅಷ್ಟೇ ಪಳಗಿದ ಜನರನ್ನು ಪಾಲಿಕೆಗೇ ಕೊಟ್ಟು ನೋಡಿದವರು ಯಾರು? ಹತ್ತು ವರ್ಷ ಕಳೆದರೂ ಆ ಸೌಕರ್ಯ ಇಡೀ ನಗರಕ್ಕೆ ಮುಟ್ಟಿರಲಿಲ್ಲ.

ಕೇಳುವ ಸದಸ್ಯರೂ ಒಂದು ಸಂಪನ್ಮೂಲವೇ. ಪಾಲಿಕೆ ಸದಸ್ಯರ ಅವಧಿ 2019ರ ಮಾರ್ಚಿಯಲ್ಲಿ ಮುಗಿಯಿತು. ಮತ್ತೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಅಷ್ಟು ಕಾಲ ಅಧಿಕಾರಿಗಳದೇ ಆಡಳಿತ.

2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಬೇಡಿಕೆ ಹಳೆಯದು, ನ್ಯಾಯವೂ ಇದೆ. ಆದರೆ ಗಡಿ ಎಳೆಯುವ ಮೊದಲು ಇಂಜಿನಿಯರುಗಳು, ಲೆಕ್ಕಿಗರು, ಯಂತ್ರಗಳು, ಸಾಲ ಇವನ್ನು ಹಂಚುವ ಪಟ್ಟಿ ಹೊರಬೀಳಬೇಕು. ತೋಟ ಹಿಸ್ಸೆಯಾಗುವಾಗ ಬಾವಿ ಯಾರಿಗೆ, ಪಂಪು ಯಾರಿಗೆ ಎಂದು ಬರೆಯದೆ ಬಿಟ್ಟ ಅಣ್ಣತಮ್ಮಂದಿರ ವ್ಯಾಜ್ಯ ನಾವು ಕಾಣದ್ದೇ?

ಪೇಟೆಯ ಮಾತು ನಮಗೇಕೆ ಎನ್ನಬೇಡಿ, ತೋಟಿಗ ಬಂಧುಗಳೇ. ನಮ್ಮ ಗ್ರಾಮ ಪಂಚಾಯತಿಗಳೂ ವರ್ಷವರ್ಷ ಯೋಜನೆ ಬರೆಯುತ್ತವೆ. ಟ್ಯಾಂಕು ಕಟ್ಟಲು ಅನುದಾನ ಬಂದೀತು. ಮೋಟಾರು ಸುಟ್ಟ ದಿನ ರಿಪೇರಿಗೆ ದುಡ್ಡಿರುವುದಿಲ್ಲ, ಎರಡು ಕೇರಿಗೆ ಒಬ್ಬನೇ ನೀರಗಂಟಿ. ಮುಂದಿನ ಗ್ರಾಮಸಭೆಯಲ್ಲಿ ಯೋಜನೆ ಓದುವಾಗ ಪ್ರತಿ ಕಾಮಗಾರಿಗೂ ಎರಡು ಪ್ರಶ್ನೆ ಹಾಕಿ: ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು, ಅವರ ಸಂಬಳ ಯಾವ ಲೆಕ್ಕದಿಂದ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಹೊರಡಿ.